ತಗ್ಗು ಬಿದ್ದ ಡಬ್ಬಿ

ಮಾರ್ಚ್ ತಿಂಗಳಲ್ಲಿ ಗೂಡು ಆರಿತು.
ಗ್ಯಾಸಿನ ಬಿಲ್ಲು ಕಟ್ಟಿ ಪೂರೈಸದೆಂದು
ಬರ್ಸ್ಲೆಮ್ಮಿನ ಪಿಂಗಾಣಿ ಕಾರ್ಖಾನೆ
ಕೈಗೊಂದು ಲಕೋಟೆ ಕೊಟ್ಟು ಕದ ಎಳೆದುಕೊಂಡಿತು.
ಮನೆಗೆ ಬಂದ ಎಬನೇಜರ್
ಶೂ ಬಿಚ್ಚದೆ ಮೆಟ್ಟಿಲ ಮೇಲೆಯೇ ಕೂತ.

ಉಗುರಿನಿಂದ ಬಟ್ಟಲು ತಟ್ಟಿ
ಸೀಳು ಎಲ್ಲಿದೆಯೆಂದು ಕಿವಿಯಲ್ಲೇ ಹೇಳುತ್ತಿದ್ದವನು.
ಅವನಜ್ಜ ಜೆಪ್ಪಿನಲ್ಲಿ
ಹೀಗೆಯೇ ಹಂಚು ತಟ್ಟುತ್ತಿದ್ದರಂತೆ:
ಠಣ್ ಅಂದರೆ ಮಾಡಿಗೆ,
ಠಪ್ ಅಂದರೆ ಅಂಗಳದ ಮೂಲೆಗೆ.
ನಮ್ಮ ಮನೆಯ ಬಟ್ಟಲುಗಳೆಲ್ಲ ಠಪ್ ಅನ್ನುವಂಥವು.
ಮಾರಲಾಗದ್ದನ್ನು ಕೋಟಿನ ಜೇಬಿಗಿಳಿಸಿ ತರುತ್ತಿದ್ದ.
ಚಹಾ ಸೋರುವುದಿಲ್ಲ, ಅಷ್ಟು ಸಾಕು.

ಜೂನಿನಿಂದ ನನ್ನ ಲಾಂಡ್ರಿ ಪಾಳಿಯೂ ಅರ್ಧ.
ಆಗಸ್ಟಿನ ಒಂದು ಗುರುವಾರ
ಲೈಬ್ರರಿಯ ಹಿಂದಿನ ಹಾಲಿನಲ್ಲಿ
ಧರ್ಮದ ಚೀಲ ಕೊಡುವ ಸಾಲಿಗೆ ನಿಂತೆ,
ಮುಖದ ಅರ್ಧಕ್ಕೆ ಶಾಲು ಎಳೆದುಕೊಂಡು.
ಸೆಕೆಯಲ್ಲಿ ಶಾಲು ಯಾಕೆಂದು ಯಾರೂ ಕೇಳಲಿಲ್ಲ.
ಅದಕ್ಕೂ ಸ್ತೋತ್ರ ಹೇಳಬೇಕಿತ್ತೇನೋ,
ಹೊಳೆಯಲಿಲ್ಲ.

ಆ ದಿನಗಳಲ್ಲಿ ನನ್ನ ಪ್ರಾರ್ಥನೆಯೆಂದರೆ ಬರೀ ಲೆಕ್ಕ.
ಕರೆಂಟಿಗೆ ಇಷ್ಟು, ಬಸ್ಸಿಗೆ ಇಷ್ಟು,
ಸುಜ್ಞಾಳ ಬೂಟಿಗೆ ಇಷ್ಟು.
ದೇವರು ಗುಮಾಸ್ತನ ಹಾಗೆ
ತಲೆ ಎತ್ತದೆ ಬರೆದುಕೊಳ್ಳುತ್ತಾನೆಂದು ಸಿಟ್ಟು.
ಚಾಪೆಲಿನಲ್ಲಿ ಎಲ್ಲರೂ ಕೂಡಿ ಹೇಳುವಾಗ
ರೊಟ್ಟಿ ಕೇಳುವ ಸಾಲು ಬಂದರೆ
ನಾನು ತುಟಿ ಮಾತ್ರ ಆಡಿಸಿದೆ.

ಸೆಪ್ಟೆಂಬರಿನ ಕೊನೆಗೆ ಸುಗ್ಗಿಹಬ್ಬ.
ಮಂಗಳೂರಲ್ಲಾದರೆ ಕಾಲು ಕಟ್ಟಿದ ಹುಂಜ, ಕುಂಬಳಕಾಯಿ,
ಏಲಂ ಕೂಗುವವನ ಒಡಕು ಗಂಟಲು;
ಕೊಂಡವರು ಮತ್ತೆ ದೇವರಿಗೇ ಬಿಟ್ಟು
ಒಂದೇ ತೆಂಗಿನಕಾಯಿ ಮೂರು ಸಲ ಮಾರಾಟವಾಗುವ ಗಲಾಟೆ.
ಇಲ್ಲಿ ಹದಿನಾಲ್ಕು ಮುದುಕಿಯರು, ಒಂದು ಹೀಟರು,
ಪೀಠದ ಮುಂದೆ ಡಬ್ಬಿಗಳ ಗೋಪುರ.

ಬರಿಗೈಯಲ್ಲಿ ಬರಲಾರೆನೆಂದು ಸುಜ್ಞಾಳ ಹಟ,
ಹತ್ತು ವರ್ಷದ ಹಟ, ಕೇಳಬೇಕೆ.
ಕಪಾಟಿನಲ್ಲಿ ಉಳಿದದ್ದು ಪೀಚ್ ಹಣ್ಣಿನ ಡಬ್ಬಿ,
ಧರ್ಮದ ಚೀಲದಲ್ಲೇ ಬಂದದ್ದು, ಅಂಚು ತಗ್ಗು ಬಿದ್ದದ್ದು.
ತಗ್ಗಿನ ಪಕ್ಕ ಪೆನ್ನಿನಿಂದ ಪುಟ್ಟ ಮೀನೊಂದನ್ನು ಬರೆದು
ಗೋಪುರದ ತುದಿಗಿಟ್ಟು ಬಂದಳು.
ನಾನು ನೆಲದ ಹಲಗೆ ಎಣಿಸುತ್ತಿದ್ದೆ.

ಮುಂದಿನ ಗುರುವಾರ ಚೀಲ ಎತ್ತಿ ಕೊಟ್ಟದ್ದು
ಮಿಸೆಸ್ ಹೋಲ್ಡ್‌ಕ್ರಾಫ್ಟ್.
ಚಾಪೆಲಿನಲ್ಲಿ ನನ್ನ ಹಿಂದಿನ ಬೆಂಚಿನವಳು,
ಮೊದಲ ದಿನವೇ ಗುರುತು ಹಿಡಿದೂ
ನನ್ನ ಶಾಲಿಗೆ ಮರ್ಯಾದೆ ಕೊಟ್ಟವಳು.
"ಇವತ್ತು ಭಾರ ಇದೆ, ಎರಡೂ ಕೈ ಹಿಡಿ" ಅಂದಳು, ಅಷ್ಟೇ.
ಮನೆಗೆ ಬಂದು ಬಿಡಿಸಿದರೆ
ಪಾಸ್ತಾದ ಅಡಿ, ಟೀಪುಡಿಯ ಅಡಿ,
ಮೀನು.

ನಗು ಯಾರಿಂದ ಶುರುವಾಯಿತೋ.
ಮಾರ್ಚಿನಿಂದ ನಗದಿದ್ದ ಎಬನೇಜರ್
ಡಬ್ಬಿಯನ್ನು ಕಿವಿಗೆ ಹಿಡಿದು ಉಗುರಿನಿಂದ ತಟ್ಟಿದ,
ಕಾರ್ಖಾನೆಯ ಗಂಭೀರ ಮುಖ ಮಾಡಿಕೊಂಡು.
"ಠಪ್" ಅಂದಳು ಸುಜ್ಞಾ, ಅವನಿಗಿಂತ ಮುಂಚೆ.

ಏಳು ಹೋಳು, ಮೂರು ಜನ.
ಬಟ್ಟಲಿಗೆ ಎರಡೆರಡು ಹಾಕಿ
ಏಳನೆಯದು ಡಬ್ಬಿಯಲ್ಲೇ ಉಳಿಯಿತು.
ಪ್ರಾರ್ಥನೆಗೆ ನನ್ನ ಸರದಿ.
ಕಣ್ಣು ಮುಚ್ಚಿದರೆ ಮತ್ತದೇ ಲೆಕ್ಕ,
ಬಂದದ್ದು ಬರಲಿ ಎಂದು ಬಾಯಿಬಿಟ್ಟೆ:
ಬೂಟಿಗೆ ಸ್ತೋತ್ರ, ಇನ್ನೂ ಕೊಂಡಿಲ್ಲ.
ಶಾಲಿಗೆ ಸ್ತೋತ್ರ.
ಬಾಯಿಬಿಡದ ಆ ಹೆಂಗಸಿಗೆ ಸ್ತೋತ್ರ.
ಎರಡು ಸಲ ಕೊಟ್ಟ ಒಂದೇ ಹಣ್ಣಿಗೆ ಸ್ತೋತ್ರ.
ಆರಿದ ಗೂಡಿಗೆ...
ಅಲ್ಲಿ ಗಂಟಲು ಕಟ್ಟಿತು.
ಗೂಡಿಗೆ ಇನ್ನೂ ಆಗುವುದಿಲ್ಲ ಕರ್ತನೇ,
ಸದ್ಯಕ್ಕೆ ಇಲ್ಲಿಯವರೆಗೆ.

ಆಮೆನ್ ಎಂದು ಕಣ್ಣು ತೆರೆದರೆ
ಏಳನೆಯ ಹೋಳು ಕಾಣೆ.
ಅಪ್ಪ ಮಗಳು ಇಬ್ಬರೂ
ತುಟಿ ಒರೆಸಿಕೊಳ್ಳುತ್ತಿದ್ದರು.