ನಾಲ್ಕನೆಯ ಗುಂಡಿಗೆ

ಎಣ್ಣೆಕಾಗದದ ವಾಸನೆ ಇನ್ನೂ ಹೋಗದ ರಿವಾಲ್ವರು.
ವರ್ಡೆಲ್ ಹ್ಯಾಗನ್ ಮೇಜಿನ ಮೇಲಿಟ್ಟು ಹೇಳಿದಳು:
"ಬೇಲಿಗೂಟಕ್ಕೆ ಮೂರು ಹಾರಿತು. ನಾಲ್ಕನೆಯ ಗುಂಡಿಗೆ
ಕಚ್ಚಿಕೊಂಡಿತು. ಹಾವಿಗೆ ಅಂತ ತಗೊಂಡೆ."
ನಾನು ಕೇಳಿರಲಿಲ್ಲ.

ಒಳಕೋಣೆಯಲ್ಲಿ ಖಾಲಿ ಮಾಡಿ ದೀಪಕ್ಕೆ ಹಿಡಿದೆ.
ಸ್ಪ್ರಿಂಗು ಸರಿ, ತಿರುಪು ಬಿಗಿ.
ಉರುಳೆಯ ಹಿಂದೆ, ನಕ್ಷತ್ರದಂಥ ತಗಡಿನಡಿ
ಉರಿಯದೆ ಉಳಿದ ಮದ್ದಿನ ಒಂದು ಕಾಳು,
ಸಾಸಿವೆಯ ಕಾಲು ಭಾಗ.
ಹಳೇ ಹಲ್ಲುಬ್ರಷ್ಷಿನಿಂದ ಒಂದೇ ಉಜ್ಜು.
ಟಿಕ್, ಟಿಕ್, ಆರೂ ಮನೆ ಸಲೀಸು.

ಕಿಟಕಿಯಾಚೆ ಮೊಂಟಾನದ ಫೆಬ್ರವರಿ,
ಅವಳ ಪಿಕಪ್ಪಿನ ಗಾಲಿ ಮುಳುಗುವಷ್ಟು ಹಿಮ.
ಪಕ್ಕದ ಸೀಟಿನಲ್ಲಿ ಓರೆನ್ನನ ಟೋಪಿ, ಇನ್ನೂ.
ಈ ಮಣ್ಣಿನಲ್ಲಿ ಮೇ ತನಕ
ಒಂದು ಹಾವೂ ಏಳುವುದಿಲ್ಲ.

ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು
"ಬಿಡಿಭಾಗ ತರಿಸಬೇಕು, ತಡ ಆಗತ್ತೆ" ಅಂದೆ.
"ಕಾಫಿ ಇದೆ. ಕೂತ್ಕೊ."