ಹಡಗಿಗೆ ನೀರು

ಹೆಸ್ಕಾಂ ಬಿಲ್ಲಿನ ಬೆನ್ನಿಗೆ ಬರೆದದ್ದು, ಶನಿವಾರ ರಾತ್ರಿ:
ಎಂಟೂವರೆಗೆ ಹೊರಡುವುದು. ಒಂಬತ್ತಕ್ಕೆ ಮತ್ಸ್ಯಾಲಯ.
ಹತ್ತಕ್ಕೆ ದಡದ ಮೇಲಿನ ಯುದ್ಧನೌಕೆ.
ಬಿಸಿಲೇರುವ ಮೊದಲು ಮರಳು, ಹದಿನೈದೇ ನಿಮಿಷ.
ಆಮೇಲೆ ಮನೆ, ಅನ್ನ, ನಿದ್ದೆ.
ನಿದ್ದೆಯ ಕೆಳಗೆ ಎರಡು ಗೆರೆ.

ಚೀಲ ತುಂಬಿದವಳು ಶೈಲಶ್ರೀ,
ಉತ್ತರಪತ್ರಿಕೆಗಳ ಗುಡ್ಡೆಯಿಂದ ಎದ್ದು ಬಂದು:
ಎರಡು ಚಡ್ಡಿ, ಮತ್ತೂ ಎರಡು ಚಡ್ಡಿ
(ನಿಮಗೇನ್ ಗೊತ್ತಾಗ್ತದ, ಇರ್ಲಿ ಬಿಡ್ರಿ),
ಪುಟ್ಟಬಾಳೆ, ಚಪಾತಿ ಸುರುಳಿ, ಒದ್ದೆ ಟವೆಲು,
ಒಂದು ಕಿವಿ ಕಿತ್ತ ಬಟ್ಟೆಯ ಆನೆ.
ಆನೆ ಮರೆತರೆ ಮಗಳನ್ನೇ ಮರೆತ ಹಾಗೆ.

ಗದಗಿನಿಂದ ಕಾರವಾರಕ್ಕೆ ವರ್ಗವಾಗಿ ಹನ್ನೊಂದು ತಿಂಗಳು.
ಖಜಾನೆಯ ಕಿಟಕಿಯಿಂದ ಕಂಡ ಊರೆಂದರೆ
ಒಂದು ಗೋಡೆ, ಗೋಡೆಯ ಮೇಲೊಂದು ಬೆಕ್ಕು, ಪಿಂಚಣಿಯ ಸರದಿ.
ಈಗ ತಲೆಯಲ್ಲಿರುವ ನಕಾಶೆ ಯಾವ ಸರ್ವೆಯವನೂ ಎಳೆದದ್ದಲ್ಲ:
ಯಾವ ಮರದ ನೆರಳು ಹತ್ತೂವರೆತನಕ ನಿಲ್ಲುತ್ತದೆ,
ಯಾವ ಹೋಟೆಲಿನವನು ಏನೂ ಕೊಳ್ಳದಿದ್ದರೂ
ಮಗುವಿನ ಮುಖ ನೋಡಿ ಹಿತ್ತಲ ಬಾಗಿಲು ತೋರಿಸುತ್ತಾನೆ,
ಯಾವ ಗೇಟಿನ ನಾಯಿಯದು ಬರೀ ಬಾಯಿ,
ಎಲ್ಲಿ ಬಣ್ಣದ ಚೆಂಡುಗಳ ಬಲೆ ತೂಗುತ್ತದೆ,
ಅಲ್ಲಿ ರಸ್ತೆ ದಾಟಿಬಿಡಬೇಕು, ಆಕಾಶದ ಹದ್ದು ತೋರಿಸುತ್ತ.

ಸುರಗಿಗೆ ಎರಡು ವರ್ಷ ಏಳು ತಿಂಗಳು.
ಕೆಳಮನೆಯ ಎಲ್ವಿನ್ ಹತ್ತೊಂಬತ್ತು ದಿನ ದೊಡ್ಡವನು,
ಅದನ್ನು ಅವನ ತಾಯಿ ರೋಜಾಲಿನ್ ಯಾರಿಗೂ ಮರೆಯಗೊಡುವುದಿಲ್ಲ.
ಆಕೆ ಇಗರ್ಜಿಗೆ, ಅವನು ನನ್ನ ಪಾಲಿಗೆ.
ಒಂದಾದರೇನು, ಎರಡಾದರೇನು ಎಂದಿದ್ದೆ.
ಎಂದವನನ್ನು ಹುಡುಕುತ್ತಿದ್ದೇನೆ.

ಎಂಟೂವರೆಗೆ ಚಪ್ಪಲಿ.
ಎಂಟು ಐವತ್ತಕ್ಕೂ ಚಪ್ಪಲಿ.
ಎಡಗಾಲಿನದು ಬಲಗಾಲಿಗೇ ಬೇಕಂತೆ.
ಒಂಬತ್ತೂಕಾಲಿಗೆ ಮೆಟ್ಟಿಲ ಮೇಲೆ ಇರುವೆಗಳು,
ಜಿರಲೆಯ ರೆಕ್ಕೆಯೊಂದನ್ನು ಹೊತ್ತು ಹೊರಟಿವೆ.
ಇಬ್ಬರೂ ಕುಕ್ಕರುಗಾಲಲ್ಲಿ ಕೂತರು
ಪಂಚಾಯ್ತಿಗೆ ಕೂತ ಹಿರಿಯರ ಹಾಗೆ.

ಮತ್ಸ್ಯಾಲಯದಲ್ಲಿ ಎಲ್ವಿನ್ ಗಾಜಿಗೆ ಮೂಗೊತ್ತಿ
ಒಂದೊಂದು ಮೀನಿಗೂ ಒಂದೇ ಹೆಸರು ಕೂಗಿದ: ಹುಮಣ್! ಹುಮಣ್!
ಕಾವಲಿನವನು ನಕ್ಕು ಊಟದ ಹೊತ್ತು ನೋಡಿಕೊಂಡ.

ಆಮೇಲೆ ಆ ಹಡಗು.
ಟಿಕೆಟ್ ಹಿಡಿದು ತಿರುಗಿದರೆ ಸುರಗಿ ಹತ್ತಲೊಲ್ಲಳು.
ಬಗ್ಗಿದಳು, ಇನ್ನಷ್ಟು ಬಗ್ಗಿದಳು, ಕೆನ್ನೆ ನೆಲಕ್ಕೆ ತಾಗುವಷ್ಟು.
"ನೀರ ಎಲ್ಲಿ?"
ಅಗೋ, ಅಲ್ಲಿ.
"ಇದಕ್ಕ್ಯಾಕ ಇಲ್ಲ?"
ಸೇವಾವಧಿ, ನಿವೃತ್ತಿ, ಸ್ಮಾರಕ...
ದಿನವೂ ಪಿಂಚಣಿ ಕಡತ ನೋಡುವವನ ಬಾಯಲ್ಲಿ
ಅವಳ ಎತ್ತರದ ಪದ ಒಂದೂ ಇರಲಿಲ್ಲ.

ಎಲ್ವಿನ್‌ಗೆ ಇತ್ತು. "ಉದಕ!" ಎಂದ.
ನನಗದು ತರ್ಪಣದ ಮಾತು, ಅವನಿಗೆ ನಲ್ಲಿಯದು.
ಸುರಗಿಯೂ ಉದಕ, ಉದಕ ಎನ್ನುತ್ತ
ಬಾಟಲಿಯ ಮುಚ್ಚಳ ಕಿತ್ತು ಓಡಿದಳು ಅಲೆಯ ಕಡೆಗೆ,
ಅವರ ಹಿಂದೆ ನಾನು, ನನ್ನ ಹಿಂದೆ ಚೀಲ.

ತುಂಬಿ ತರುವುದು, ದಾರಿಯಲ್ಲಿ ಮುಕ್ಕಾಲು ಚೆಲ್ಲುವುದು,
ಉಳಿದದ್ದನ್ನು ಹಡಗಿನ ಬುಡಕ್ಕೆ ಹನಿಸುವುದು.
ಮರಳು ಕುಡಿದು ಸುಮ್ಮನಾಗುವುದು.
ಮತ್ತೆ ಓಟ.
ನಾಲ್ಕನೆಯ ಸಲದವರೆಗೆ ಗಡಿಯಾರ ನೋಡಿದೆ.
ಒಂಬತ್ತನೆಯದಕ್ಕೆ ಎಲ್ವಿನ್ ತನ್ನ ಪಾಲು ತಾನೇ ಕುಡಿದು
ಉಪ್ಪಿಗೆ ಮುಖ ಕಿವುಚಿ ನನ್ನನ್ನು ಬೈದ.
ಹದಿನೈದಕ್ಕೆ ಲೆಕ್ಕ ತಪ್ಪಿತು.
ಚಪಾತಿಯ ಡಬ್ಬಿ ಖಾಲಿಯಾಗಿತ್ತು.
ಪ್ಯಾಂಟು ಮಡಚಿ ನಾನೂ ಹೊರಟೆ.
ಅಂಕೋಲೆಯ ಯಾವುದೋ ಶಾಲೆಯ ಮಕ್ಕಳು ಸಾಲಾಗಿ ಹಡಗು ಹತ್ತುತ್ತ
ಮೇಲಿನಿಂದ ಬಗ್ಗಿ ನೋಡಿದರು:
ಕನ್ನಡಕದ ಗಂಡಸೊಬ್ಬ ಡಬ್ಬಿಯಲ್ಲಿ ಸಮುದ್ರ ತರುತ್ತಿದ್ದಾನೆ.

ಮನೆ ಸೇರಿದ್ದು ಒಂದೂಮುಕ್ಕಾಲಿಗೆ.
ಅನ್ನ ಬಾಯಲ್ಲಿರುವಾಗಲೇ ನಿದ್ದೆ ಬಂತು, ಇಬ್ಬರಿಗೂ.
ನಾಲ್ಕಕ್ಕೆ ಎದ್ದ ಕೂಡಲೇ ಕಿರುಚಾಟ: ಆನೆ!

ಒಬ್ಬನೇ ಸ್ಕೂಟರಿನಲ್ಲಿ ಹೋದೆ.
ಹಡಗಿನ ನೆರಳಲ್ಲಿ, ನಾವು ನೀರೆರೆದ ಜಾಗದಲ್ಲಿ,
ಒಂದೇ ಕಿವಿಯಲ್ಲಿ ಕಾಯುತ್ತ ಕೂತಿತ್ತು.
ಮರಳು ಯಾವತ್ತೋ ಒಣಗಿತ್ತು.

ರಾತ್ರಿ ಶೈಲಶ್ರೀ ಬಿಲ್ಲು ಹುಡುಕಿ ತಂದಳು,
ನಾಳೆ ಕಟ್ಟಬೇಕು, ಕಡೇ ದಿನ.
ಉಪ್ಪುನೀರಿಗೆ ಮೊತ್ತ ಅಳಿಸಿದೆ, ಗೆರೆಗಳೆರಡು ಉಳಿದಿವೆ.
ಅಂಚಿನಲ್ಲಿ ಇನ್ನೂ ಸ್ವಲ್ಪ ಬಿಳಿ ಜಾಗ.
ಮುಂದಿನ ಭಾನುವಾರ, ಎಂದು ಬರೆದೆ.
ಬಕೆಟ್, ಎರಡು.
ಹೊಡೆದುಹಾಕಿ ಮೂರು ಎಂದು ಬರೆದೆ.