ಐದನೆಯ ಸ್ಥಾನದ ಸೊನ್ನೆ

ನಾನು ಮ್ಯಾನೇಜರಲ್ಲ, ಕ್ಯಾಷಿಯರೂ ಅಲ್ಲ.
ಬೀಗ ತೆಗೆಯುವವನು, ಚಹಾ ತರುವವನು,
ಈ ಬ್ರ್ಯಾಂಚಿನ ಬೋರ್ಡನ್ನು ಮೂರು ಸಲ
ತಲೆಯ ಮೇಲೆ ಹೊತ್ತು ನಡೆದವನು.
ಹೆಸರು ಖಗೇಶ್ವರ ಕುಟುಂ.

ಮೊದಲ ಬ್ರ್ಯಾಂಚು ಕರ್ದೈಗುರಿಯಲ್ಲಿತ್ತು.
ಈಗ ಅಲ್ಲಿ ಬ್ರಹ್ಮಪುತ್ರ ಇದೆ.
ನದಿ ಮೊದಲು ನಾಮಘರದ ಮೆಟ್ಟಿಲು ತಿಂದಿತು,
ಆಮೇಲೆ ಶಾಲೆಯ ಕೈಪಂಪು,
ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ನಮ್ಮ ಸೈಕಲ್ ಸ್ಟ್ಯಾಂಡು.
ತಿಜೋರಿಯನ್ನು ದೋಣಿಗೆ ಹಾಕಿ
ಮ್ಯಾನೇಜರು ಅದರ ಮೇಲೆಯೇ ಕೂತರು,
ಕೊಡೆ ಬಿಚ್ಚಿಕೊಂಡು,
ಕಾವಿಗೆ ಕೂತ ಬಾತುಕೋಳಿಯ ಹಾಗೆ.

ಎರಡನೆಯದು ಒಡ್ಡಿನ ಮೇಲಿನ ತಗಡಿನ ಶೆಡ್ಡು.
ಮೂರನೆಯದು ಇದು, ಹಿಂದೆ ಗೊಬ್ಬರದ ಗೋದಾಮು;
ನೋಟಿಗೂ ಇನ್ನೂ ಯೂರಿಯಾ ವಾಸನೆ.
ಮನೆ ನಂಬರು ಹೋಯಿತು, ಪಟ್ಟಾದ ಗಡಿಕಲ್ಲು ಹೋಯಿತು,
ಪಿನ್‌ಕೋಡು ಕೂಡ ಬೇರೆಯಾಯಿತು.
ಬ್ರ್ಯಾಂಚಿನ ಕೋಡು ಮಾತ್ರ ಅದೇ:
ನಾಲ್ಕು ಅಕ್ಷರ, ಒಂದು ಸೊನ್ನೆ, ಆರು ಅಂಕಿ.
ಎಲ್ಲೆಲ್ಲಿಂದಲೋ ಹೊರಟ ದುಡ್ಡು
ನೀರಿನಡಿಯ ಊರನ್ನು ಕೇಳಿಕೊಂಡು ಬರುತ್ತಿತ್ತು,
ತಪ್ಪದೆ ಮುಟ್ಟುತ್ತಿತ್ತು.

ಒಂದು ಶುಕ್ರವಾರ ಫೋನು. ಪದುಮಿ ಟಾಯೆ,
ಕೇರಳದ ಅರೂರಿನ ಸೀಗಡಿ ಸುಲಿಯುವ ಶೆಡ್ಡಿನಿಂದ.
ಅಕ್ಕನ ದೋಣಿಗೆಂದು ಹನ್ನೊಂದು ಸಾವಿರ
ಮೂರು ದಿನದಿಂದ ಕಳಿಸುತ್ತಲೇ ಇದ್ದಾಳೆ,
ಮೊಬೈಲು ಹೊಸ್ತಿಲಲ್ಲೇ ತಡೆದು ‘ತಪ್ಪು’ ಅನ್ನುತ್ತದಂತೆ.
“ದುಡ್ಡಿಗೂ ನಮ್ಮೂರು ಸಿಗುತ್ತಿಲ್ಲ, ದಾದಾ.”
ಅವಳ ಹತ್ತಿರ ಇದ್ದದ್ದು ನೆನೆದ ಪಾಸ್‌ಬುಕ್ಕಿನ ಫೋಟೋ,
ಐಸಿನಲ್ಲಿ ಮರಗಟ್ಟಿದ ಬೆರಳು.
ಸಾಹೇಬರು ಊಟಕ್ಕೆ ಹೋಗಿದ್ದರು.
ನನಗೆ ಏಳರ ಮಗ್ಗಿ ಬಾರದು, ಕೋಡು ಬಾಯಿಪಾಠ.

ಬಿ ಅಂದರೆ ಆ ಕಡೆ ಡಿ ಕೇಳಿಸುತ್ತದೆ.
ಬಿಡಿಸಿ ಹೇಳಿದೆ: ಬಿ, ಬೊರಾಲಿ ಮೀನಿನ ಬಿ.
“ಹಳೇ ಘಾಟಿನಲ್ಲಿ ಸಿಗುತ್ತಿತ್ತಲ್ಲ, ಅದಾ?”
ಅದೇ.
ಎನ್, ನಾಹರ್ ಮರದ ಎನ್.
“ಶಾಲೆಯ ಹಿಂದಿನದು.”
ಕೆ, ಕರ್ದೈ ಕಾಯಿ. ಉಪ್ಪು ಹಚ್ಚಿಕೊಂಡು.
ಆ ಕಡೆ ಮಾತಿಲ್ಲ. ನೀರು ಸುರಿಯುವ ಸದ್ದು,
ಯಾರೋ ಯಾರನ್ನೋ ಬೈಯುವ ಸದ್ದು.
ಎಂ, ಮಿರಿಜಿಮ್. ನಿನ್ನಮ್ಮ ನೇಯ್ದ ಹೊದಿಕೆ,
ಒಡ್ಡಿನ ಮೇಲೆ ಆ ರಾತ್ರಿ ಏಳು ಮಂದಿ ಹೊದ್ದೆವಲ್ಲ.

ಆಮೇಲೆ ಸೊನ್ನೆ.
“ಓ?”
ಓ ಅಲ್ಲ ತಂಗಿ, ಸೊನ್ನೆ. ಮುಗ್ಗರಿಸಿದ್ದು ಅಲ್ಲೇ.
“ಯಾವುದರ ಸೊನ್ನೆ?”

ಹಿಂದೊಬ್ಬ ಮ್ಯಾನೇಜರು ಹೇಳಿದ್ದರು:
ಅದು ಯಾವುದರದ್ದೂ ಅಲ್ಲವಂತೆ,
ಮುಂದೆ ಬೇಕಾದೀತೆಂದು ಬಿಟ್ಟ ಜಾಗ,
ದೇಶದ ಎಲ್ಲ ಬ್ರ್ಯಾಂಚಿಗೂ.
ನಾನು ನಕ್ಕಿದ್ದೆ. ಈ ದಡದಲ್ಲಿ
ಮನೆ ಕಟ್ಟಿ ನೋಡಿದವರು ಹೇಳುವ ಮಾತಲ್ಲ ಅದು.
ಅವಳಿಗೆ ಅಷ್ಟೇ ಅಂದೆ: ಖಾಲಿ ಕುರ್ಚಿ ಅಂದುಕೋ.
ಯಾರೋ ಬರುವವರಿದ್ದಾರೆ.

ದುಡ್ಡು ಸೋಮವಾರ ಬಂತು.
ಮಾರ್ಚಿನಲ್ಲಿ ಬಂದದ್ದು ಸುತ್ತೋಲೆ.
ನಮ್ಮ ಬ್ಯಾಂಕು ಇನ್ನೊಂದರ ಹೊಟ್ಟೆಗೆ ಸೇರಿದೆ,
ಒಂದನೇ ತಾರೀಕಿನಿಂದ ಹಳೆಯ ಕೋಡು ನಡೆಯದು.
ನದಿ ಮೂರು ಸಲ ಬಂದೂ ಬಿಟ್ಟುಹೋದದ್ದನ್ನು
ಅರ್ಧ ಹಾಳೆ ಕಾಗದ ಒಯ್ದಿತು.

ಪೇಂಟರು ಡಿಂಬ ಷಟರು ಕೆರೆದ.
ಬೊರಾಲಿ ಹೋಯಿತು, ನಾಹರ್ ಹೋಯಿತು,
ಕರ್ದೈ, ಹೊದಿಕೆ.
ಸೊನ್ನೆಯ ಹತ್ತಿರ ಕೈ ನಿಲ್ಲಿಸಿ ಕಾಗದ ನೋಡಿದ.
“ಇದು ಇರುವ ಹಾಗೇ ಇರಲಿ,” ಅಂದ,
ಬೀಡಿ ಹಚ್ಚಿದ.
ಸುತ್ತ ಹೊಸ ಕೆಂಪು; ನಡುವೆ ಒಂದೇ ಒಂದು
ಹಳೆಯ ನೀಲಿ.

ಡಬ್ಬಿಯಲ್ಲಿ ಉಳಿದ ಪೇಂಟು ತಿಲೇಶ್ವರಿ ಕೇಳಿದಳು,
ದೋಣಿಗೆ ಹೆಸರು ಬೇಕಂತೆ.
ದೇವರದ್ದು ಬೇಡ, ತಂಗಿಯದ್ದೂ ಬೇಡ,
ಹಳೆಯ ಕೋಡನ್ನೇ ಬರಿ ಅಂದಳು.
ಪೇಂಟು ಐದಕ್ಕೇ ಮುಗಿಯಿತು.

ಬಿ ಎನ್ ಕೆ ಎಂ ಸೊನ್ನೆ.
ಕರ್ದೈಗುರಿಯ ಮೇಲಿಂದ ದಿನಕ್ಕೆ ನಾಲ್ಕು ಸಲ ದಾಟುತ್ತದೆ.
ತಲೆಗೆ ಇಪ್ಪತ್ತು ರೂಪಾಯಿ,
ಸೈಕಲ್ಲಿಗೆ ಹತ್ತು.
ಚಿಲ್ಲರೆ ತಂದರೆ ಒಳ್ಳೆಯದು.